ಒಂದೇ ಸಲ ಕೇಳುವ ಊರು

ಅವಳನ್ನು ಹೆಸರು ಹಿಡಿದು ಕರೆಯುವವರು ಆ ಪರದೇಶದ ಊರಿನಲ್ಲಿ ಯಾರೂ ಇರಲಿಲ್ಲ. ಅಲ್ಲಿದ್ದ ಹದಿನೈದಿಪ್ಪತ್ತು ಕನ್ನಡದ ಮನೆಗಳಿಗೆಲ್ಲ ಎದುರಿಗೆ ಅಕ್ಕ, ಬೆನ್ನ ಹಿಂದೆ ರೂಲ್ಸಕ್ಕ. ಆ ಅಡ್ಡಹೆಸರು ಅವಳ ಕಿವಿಗೂ ಬಿದ್ದಿತ್ತು. ಮೇಲೆ ಮೂಗು ಮುರಿದರೂ ಒಳಗೊಳಗೇ ಹಿಗ್ಗಿದ್ದಳು. ಹಿಗ್ಗಲಿ ಬಿಡಿ, ತಪ್ಪೇನು? ಪೆಟ್ಟಿಗೆ ಎಳೆದುಕೊಂಡು ಬಂದು ಕಕ್ಕಾಬಿಕ್ಕಿಯಾಗಿ ನಿಂತ ಎಷ್ಟು ಸಂಸಾರಗಳಿಗೆ ಅವಳು ದಾರಿ ತೋರಿಸಿರಲಿಲ್ಲ!

"ನೋಡಮ್ಮ, ಕಸಕ್ಕೆ ನಾಲ್ಕು ಡಬ್ಬ. ಬಾಟ್ಲಿ ಹಾಕೋದ್ರಲ್ಲಿ ಪೇಪರ್ ಹಾಕಿದ್ಯೋ, ಬಾಗಿಲ ಮೇಲೆ ಚೀಟಿ ಅಂಟಿಸಿ ಹೋಗ್ತಾರೆ. ಯಾರು ಅಂಟಿಸಿದ್ರು ಅಂತ ಏಳು ಜನ್ಮಕ್ಕೂ ಗೊತ್ತಾಗಲ್ಲ. ಭಾನುವಾರ ಗೋಡೆಗೆ ಮೊಳೆ ಹೊಡೀಬೇಡ. ಬಸ್ಸಲ್ಲಿ ಬೇರೆ ಸೀಟು ಖಾಲಿ ಇದ್ರೆ ಒಬ್ಬರ ಪಕ್ಕ ಹೋಗಿ ಕೂರಬೇಡ, ಹೆದರ್ಕೋತಾರೆ. ಮೆಟ್ಟಿಲ ಮೇಲೆ ಸಿಕ್ಕವರನ್ನ ಎಲ್ಲಿಗೆ ಹೊರಟ್ರಿ, ತಿಂಡಿ ಆಯ್ತಾ ಅಂತೆಲ್ಲ ಕೇಳಬೇಡ. ಪೊಲೀಸರ ಹಾಗೆ ಕಾಣ್ತೀಯ. ಹೇಗಿದ್ದೀರಿ ಅಂತ ಅವರೇ ಕೇಳ್ತಾರೆ, ಆದ್ರೆ ಮಂಡಿನೋವಿನ ಕಥೆ ಶುರು ಮಾಡ್ಬೇಡ. ಚೆನ್ನಾಗಿದ್ದೀನಿ ಅನ್ನು, ಮುಂದಕ್ಕೆ ನಡಿ."

ಹೀಗೆ ಬೆರಳು ಮಡಚಿ ಮಡಚಿ ಹೇಳುತ್ತ ಹೋಗುವವಳು ಕೊನೆಯ ಬೆರಳಿಗೆ ಬಂದಾಗ ದನಿ ತಗ್ಗಿಸುತ್ತಿದ್ದಳು.

"ಇನ್ನೊಂದು ಮಾತು, ಇದನ್ನ ಮಾತ್ರ ಮರೀಬೇಡ. ಇಲ್ಲಿ ಒಂದೇ ಸಲ ಕೇಳ್ತಾರೆ. ನೀನು ಬೇಡ ಅಂದ್ರೆ ಮುಗೀತು. ನಮ್ಮ ಹಾಗೆ ಅಯ್ಯೋ ಬೇಡಿ, ಬೇಡಿ ಅಂತ ಉಪಚಾರ ಮಾಡ್ಕೊಂಡು ಕೂತ್ಯೋ, ಕೆಟ್ಟೆ."

ಇದು ಅವಳು ಯಾರಿಂದಲೋ ಕೇಳಿ ತಿಳಿದ ಮಾತಲ್ಲ, ಮೈಮೇಲೆ ಬರೆ ಎಳೆಸಿಕೊಂಡು ಕಲಿತದ್ದು. ಬಂದ ಹೊಸದರಲ್ಲಿ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಹೋಟೆಲುಗಳ, ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುವ ಜಾಗ. ಅಲ್ಲಿ ಆಳುದ್ದದ ಬಿಸಿ ಉರುಳೆಯೊಂದಿತ್ತು. ಒಗೆದ ಬೆಡ್‌ಶೀಟಿನ ಒಂದು ಮೂಲೆಯನ್ನು ಇವಳು, ಇನ್ನೊಂದನ್ನು ಪಕ್ಕದವಳು ಹಿಡಿದು, ಇಬ್ಬರೂ ಒಟ್ಟಿಗೆ ಅದರ ಬಾಯಿಗೆ ಕೊಡಬೇಕು. ಒಬ್ಬಳು ಅರೆಗಳಿಗೆ ಹಿಂದುಳಿದರೂ ಶೀಟು ಸೊಟ್ಟಗೆ ನುಗ್ಗಿ ಮುದ್ದೆಯಾಗುತ್ತದೆ. ಬೇಸಿಗೆಯಿರಲಿ ಚಳಿಗಾಲವಿರಲಿ, ಮುಖಕ್ಕೆ ಸದಾ ಹಬೆ.

ಆರು ತಿಂಗಳಾದ ಮೇಲೆ ಒಂದು ದಿನ ಮೇಲ್ವಿಚಾರಕಿ ಕೈಯಲ್ಲಿ ಪಟ್ಟಿ ಹಿಡಿದು ಬಂದಳು. ಟವೆಲು ಮಡಚುವ ಮೇಜಿನಲ್ಲಿ ಒಂದು ಜಾಗ ಖಾಲಿಯಿದೆ, ಕಿಟಕಿ ಪಕ್ಕ, ಕೂತು ಮಾಡುವ ಕೆಲಸ, ಬರ್ತೀಯಾ ಅಂದಳು. ಇವಳ ಜೀವ ಹೂಂ ಅನ್ನುತ್ತಿತ್ತು. ಆದರೆ ಬಾಯಿ ತಾನೇ ತಾನಾಗಿ, ಅಯ್ಯೋ ಪರವಾಗಿಲ್ಲ, ಬೇಡ, ಇಲ್ಲೇ ಸರಿಯಾಗಿದೆ ಅಂದುಬಿಟ್ಟಿತು. ಕೊಟ್ಟ ಕೂಡಲೇ ಕೈಚಾಚಿದರೆ ಆಸೆಬುರುಕಿ ಅನ್ನುವುದಿಲ್ಲವೇ? ಇನ್ನೊಂದು ಸಲ ಕೇಳುತ್ತಾಳೆ, ಆಗ ನಿಮ್ಮಿಷ್ಟ ಅಂದರಾಯಿತು ಅಂದುಕೊಂಡು ಕಣ್ಣು ಕೆಳಗೆ ಹಾಕಿ ನಿಂತಳು. ಕಣ್ಣೆತ್ತಿದರೆ ಮೇಲ್ವಿಚಾರಕಿ ಪಟ್ಟಿಯಲ್ಲಿ ಒಂದು ಗೀಟು ಎಳೆದು ಆಗಲೇ ಮೂರನೆಯವಳ ಹತ್ತಿರ ನಿಂತಿದ್ದಳು. ಆ ಮೂರನೆಯವಳು ಮರುದಿನದಿಂದ ಕಿಟಕಿ ಪಕ್ಕ ಕೂತಳು. ಇವಳು ಉರುಳೆಯ ಮುಂದೆಯೇ ವರ್ಷಗಟ್ಟಲೆ ಹಬೆ ಕುಡಿದಳು.

ಆಗ ಗಂಡ ಬದುಕಿದ್ದ. ಮನೆಗೆ ಬಂದು ಅತ್ತಳು. ಆ ಪುಣ್ಯಾತ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲ ಮಾರಾಯ್ತಿ, ನಿನ್ನ ಮನಸ್ಸಿನೊಳಗೆ ಇಳಿದು ನೋಡೋಕೆ ಅವಳೇನು ನಿನ್ನ ಹೆತ್ತ ತಾಯಿನಾ?"

ನಾಲ್ಕನೆಯ ವರ್ಷ ಅವನೂ ಹೋದ, ಮೂರು ದಿನದ ಜ್ವರದಲ್ಲಿ. ಲಾಂಡ್ರಿಯಲ್ಲಿ ಅವಳ ಪಕ್ಕ ನಿಂತು ಶೀಟು ಹಿಡಿಯುತ್ತಿದ್ದ ಹೆಂಗಸು ಫೋನು ಮಾಡಿ, ನಾನು ಬರಲೇ, ನಿನ್ನ ಜೊತೆ ಇರಲೇ ಅಂತ ಕೇಳಿದಳು. ಬೇರೆಯೇ ದೇಶದಿಂದ ಬಂದವಳು, ಒಳ್ಳೆಯ ಹೆಂಗಸು. ನಿನಗ್ಯಾಕೆ ತೊಂದರೆ, ಬೇಡ ಅಂದಳು ಇವಳು. ಅವಳು ಬರಲಿಲ್ಲ. ಮಣ್ಣಿಗೆ ನಿಂತವರು ನಾಲ್ಕೇ ಜನ. ಆವತ್ತಿನಿಂದ ಅವಳು ಬೇಡ ಅನ್ನುವುದನ್ನೇ ಬಿಟ್ಟಳು. ಅದರ ಜೊತೆಗೇ ಇನ್ನೊಂದನ್ನೂ ಬಿಟ್ಟಳು. ಅದನ್ನು ಅವಳು ಗಮನಿಸಲಿಲ್ಲ. ಬೇರೆಯವರ ಬೇಡವನ್ನು ದಾಟಿ ಒತ್ತಾಯ ಮಾಡುವುದನ್ನು ಬಿಟ್ಟಳು.

ಜನರಿಗೆ ಇದು ತಮಾಷೆಯಾಗಿತ್ತು. ಮನೆಗೆ ಬಂದವರಿಗೆ ಕಾಫಿ ಬೇಕಾ ಅನ್ನುತ್ತಿದ್ದಳು. ಬೇಡ ಅಕ್ಕ, ಈಗ ತಾನೆ ಆಯ್ತು ಅಂತ ಅವರು ರಾಗ ಎಳೆಯುವಷ್ಟರಲ್ಲಿ ಸರಿ ಅಂದು ಎದುರಿಗೆ ಕೂತುಬಿಡುತ್ತಿದ್ದಳು. ಪಾಪ, ಬಂದವರು ಒಣಗಂಟಲಲ್ಲೇ ಎರಡು ಗಂಟೆ ಹರಟೆ ಹೊಡೆದು ಎದ್ದು ಹೋಗಬೇಕು. ರೂಲ್ಸಕ್ಕನ ಮನೆಗೆ ಹೋಗೋದಾದ್ರೆ ಉಂಡ್ಕೊಂಡು, ನೀರು ಕುಡ್ಕೊಂಡು ಹೋಗಿ ಅಂತ ಬಸ್‌ಸ್ಟಾಪಿನಲ್ಲಿ ನಗೆಯಾಡುತ್ತಿದ್ದರು. ಅವಳು ಮಾತ್ರ ಕಡ್ಡಿ ಮುರಿದಂತೆ ಹೇಳುತ್ತಿದ್ದಳು, "ಬೇಕಾದೋರು ಬೇಕು ಅನ್ನಿ. ನಾನೇನು ಬಾಯಿಗೆ ತುರುಕಲಾ?"

ಹನ್ನೊಂದನೆಯ ವರ್ಷ ತಂಗಿ ಬಂದಳು. ಅಕ್ಕತಂಗಿಯರ ನಡುವೆ ಹನ್ನೆರಡು ವರ್ಷದ ಅಂತರ. ಅಮ್ಮ ಹಾಸಿಗೆ ಹಿಡಿದಿದ್ದ ಕಾಲದಲ್ಲಿ ಹುಟ್ಟಿದ ಕೂಸು ಅದು. ಅಕ್ಕನ ಸೊಂಟದ ಮೇಲೇ ಬೆಳೆದಿತ್ತು. ತಂಗಿಯ ಗಂಡನಿಗೆ ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಕೆಲಸ, ಅದು ರೈಲಿನಲ್ಲಿ ಮೂರು ಗಂಟೆಯ ದಾರಿ. ಅಲ್ಲಿ ಒಂದು ಕೋಣೆಯಲ್ಲಿ ಆರು ಜನ ಗಂಡಸರು ಮಲಗುತ್ತಿದ್ದರು, ಹೆಂಡತಿಯನ್ನು ಇರಿಸಿಕೊಳ್ಳುವ ಮಾತೇ ಇಲ್ಲ. ಹಾಗಾಗಿ ತಂಗಿ ಅಕ್ಕನ ಮನೆಯಲ್ಲಿ, ಅವನು ಶನಿವಾರ ಬಂದು ಭಾನುವಾರ ಹೋಗುವವನು.

ತಂಗಿ ಬಂದ ನಾಲ್ಕನೇ ದಿನ ಅಕ್ಕ ಸ್ನಾನ ಮುಗಿಸಿ ಬರುತ್ತಾಳೆ, ಆ ಹುಡುಗಿ ಅಡುಗೆಮನೆಯಲ್ಲಿ ನಿಂತುಕೊಂಡೇ ಬ್ರೆಡ್ಡನ್ನು ಗಬಗಬ ತಿನ್ನುತ್ತಿದೆ. ಕಣ್ಣಲ್ಲಿ ನೀರು.

"ಏನೇ ಇದು?"

"ಹಸಿವಕ್ಕ."

"ಆಗ ತಾನೆ ಊಟ ಮಾಡಿದ್ಯಲ್ಲೇ! ಇನ್ನೂ ಸ್ವಲ್ಪ ಅನ್ನ ಹಾಕ್ಲಾ ಅಂದೆ, ಸಾಕು ಅಂದೆ."

"ಮತ್ತೆ ಸಾಕು ಅಂದ ಕೂಡ್ಲೇ ಪಾತ್ರೆ ಎತ್ತಿಕೊಂಡು ಹೋದ್ರೆ? ಇನ್ನೊಂದ್ಸಲ ಕೇಳ್ಬೇಕು ತಾನೆ? ನಾಲ್ಕು ದಿನದಿಂದ ನೀನು ಕೇಳ್ತೀಯ ಅಂತ ಕಾಯ್ತಾ ಇದ್ದೀನಿ."

ಅಕ್ಕ ಅಲ್ಲೇ ಕುರ್ಚಿಯ ಮೇಲೆ ಕುಸಿದು ನಕ್ಕಳು. ಇಬ್ಬರಿಗೂ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ನಗು ನಿಂತ ಮೇಲೆ ಅಕ್ಕ ತನ್ನ ಪಾಠ ತೆಗೆದಳು. "ಇಲ್ಲಿ ಬೇಕು ಅಂದ್ರೆ ಬೇಕು ಅನ್ನು. ಒಂದೇ ಸಲ ಕೇಳೋದು."

"ಬೇಕು ಅಂತ ಬಾಯಿಬಿಟ್ಟು ಹೇಳೋದು ಹೇಗಕ್ಕ? ನಾಚಿಕೆ ಆಗಲ್ವಾ?"

"ನಾಚಿಕೆಯಿಂದ ಹೊಟ್ಟೆ ತುಂಬುತ್ತಾ?"

ತಂಗಿ ಕಲಿತಳು ಅಂತಲೇ ಅಕ್ಕ ನಂಬಿದಳು. ಊಟದ ವಿಷಯದಲ್ಲಿ ಕಲಿತದ್ದೂ ನಿಜ. ತಟ್ಟೆ ಮುಂದೆ ಚಾಚಿ, ಬೇಕು ಮೇಡಂ, ಹಾಕಿ ಮೇಡಂ ಅಂತ ಅಕ್ಕನನ್ನು ಆಡಿಸುತ್ತಿದ್ದಳು. ಆದರೆ ಮಿಕ್ಕದ್ದರಲ್ಲಿ ಅವಳು ಬದಲಾಗಿರಲಿಲ್ಲ. ಅಷ್ಟು ಬೇಗ ಯಾರಾದರೂ ಬದಲಾಗುತ್ತಾರೆಯೇ?

ಆ ವರ್ಷದ ಕೊನೆಗೆ ತಂಗಿ ಬಸುರಿಯಾದಳು. ಊರಿನಲ್ಲಿದ್ದಾಗ ಒಂದು ಸಲ ಮೂರನೇ ತಿಂಗಳಿಗೇ ಇಳಿದುಹೋಗಿತ್ತು. ಅದಕ್ಕೇ ಈ ಸಲ ಐದು ತಿಂಗಳು ತುಂಬುವ ತನಕ ಯಾರಿಗೂ ಹೇಳಲಿಲ್ಲ. ರೂಲ್ಸಕ್ಕನಿಗೆ ಸ್ವಂತ ಮಕ್ಕಳಿರಲಿಲ್ಲ. ಆ ಮನೆತನಕ್ಕೇ ಇದು ಮೊದಲ ಕೂಸಾಗುವುದಿತ್ತು. ಲಾಂಡ್ರಿಯಲ್ಲಿ ಶೀಟಿನ ಮೂಲೆ ಹಿಡಿದು ನಿಂತಾಗಲೂ ಅವಳಿಗೆ ಅದೇ ಧ್ಯಾನ. ದೊಡ್ಡಮ್ಮ ಅಂತ ಕರೆಸಿಕೊಳ್ಳುವುದು ಅಂದರೆ ಸಾಮಾನ್ಯವೇ?

ಎಂಟನೇ ತಿಂಗಳು ಹಿಡಿಯುತ್ತಿದ್ದ ಹಾಗೆ ಮನೆಯಲ್ಲಿ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಹೀಗೇ ಅಂತ ಬೊಟ್ಟುಮಾಡಿ ತೋರಿಸುವಂಥದ್ದು ಏನೂ ಇಲ್ಲ. ತಂಗಿಯ ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಬಸುರಿಯರಿಗೆ ಊದುವುದುಂಟು. ಬೆರಳಿನ ಉಂಗುರ ಸೋಪು ಹಚ್ಚಿದರೂ ಬರಲಿಲ್ಲ. ಅದೂ ಉಂಟು. ಬೆಳಿಗ್ಗೆ ಎದ್ದಾಗ ಮುಖ ಬೇರೆ ಯಾರದೋ ಮುಖದ ಹಾಗೆ ಕಾಣುತ್ತಿತ್ತು. ಮಾತಾಡುತ್ತ ಮಾತಾಡುತ್ತ ತಂಗಿ ನಡುವೆ ನಿಲ್ಲಿಸಿ ಕಣ್ಣು ಕಿರಿದು ಮಾಡಿ ಗೋಡೆ ನೋಡುತ್ತಿದ್ದಳು.

"ಏನಾಯ್ತೇ?"

"ಏನಿಲ್ಲ. ಕಣ್ಣ ಮುಂದೆ ಸಣ್ಣ ಹುಳ ಹಾರಾಡಿದ ಹಾಗೆ. ಹೋಯ್ತು ಬಿಡು."

ಆ ಕಟ್ಟಡದಲ್ಲಿ ಎಂಟು ಮನೆ. ಎಂಟರಲ್ಲಿ ಒಂದರಿಂದಲೂ ಸದ್ದಿಲ್ಲ. ಮೆಟ್ಟಿಲ ದೀಪ ತಾನೇ ಹತ್ತಿ, ನೀವು ಮೇಲೆ ತಲುಪುವ ಮೊದಲೇ ತಾನೇ ಆರುತ್ತಿತ್ತು. ಹಗಲಿಡೀ ತಂಗಿ ಆ ಮೌನದಲ್ಲಿ ಒಬ್ಬಳೇ ಕೂತಿರುತ್ತಿದ್ದಳು. ಬಾಗಿಲು ತಟ್ಟಿ, ಹೇಗಿದ್ದೀಯಮ್ಮ ಅನ್ನುವ ಒಂದು ನರಪಿಳ್ಳೆಯಿಲ್ಲ. ಹಾಗೆ ತಟ್ಟಬಾರದು ಅನ್ನುವುದನ್ನು ಊರಿಗೆಲ್ಲ ಹೇಳಿಕೊಟ್ಟವಳು ಅಕ್ಕನೇ.

ಆ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಆಸ್ಪತ್ರೆಯಲ್ಲಿ ತಪಾಸಣೆಯಿತ್ತು. ಅಕ್ಕನ ಪಾಳಿ ಶುರುವಾಗುವುದು ಮಧ್ಯಾಹ್ನ ಒಂದಕ್ಕೆ. ಹನ್ನೊಂದು ವರ್ಷದಲ್ಲಿ ಒಂದು ದಿನ ತಡವಾಗಿ ಹೋದವಳಲ್ಲ. ಉರುಳೆಯ ಕೆಲಸ ಜೋಡಿಯದು, ಇವಳು ಬಾರದಿದ್ದರೆ ಪಕ್ಕದವಳೂ ಕೈಕಟ್ಟಿ ನಿಲ್ಲಬೇಕು. ಅಕ್ಕತಂಗಿ ಇಬ್ಬರೂ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದರು. ತಂಗಿಗೆ ಅಲ್ಲಿಯ ಭಾಷೆ ನಾಲ್ಕು ಮಾತಿನ ಮೇಲೆ ಬರುತ್ತಿರಲಿಲ್ಲ. ಅವಳ ಬಾಯಿ, ಕಿವಿ ಎರಡೂ ಅಕ್ಕನೇ.

ಬಸುರಿಯರನ್ನು ನೋಡುವ ನರ್ಸು ವಯಸ್ಸಾದವಳು, ಮೆತ್ತನೆಯ ದನಿಯವಳು. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಹುಬ್ಬು ಸ್ವಲ್ಪ ಮೇಲೆ ಹೋಯಿತು. ಐದು ನಿಮಿಷ ಬಿಟ್ಟು ಮತ್ತೆ ನೋಡಿದಳು. ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೂಸಿನ ಎದೆಬಡಿತ ಕೇಳಿಸಿದಳು. ಟಕಟಕ ಅಂತ ಗಟ್ಟಿಯಾಗಿ ಬಡಿಯುತ್ತಿತ್ತು. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

"ತಲೆನೋವು ಇದೆಯಾ, ಕಣ್ಣು ಮಂಜಾಗುತ್ತಾ, ಕೇಳಿ," ಅಂದಳು ನರ್ಸು.

ಅಕ್ಕ ಕೇಳಿದಳು. "ಸ್ವಲ್ಪ. ಅಂಥದ್ದೇನಿಲ್ಲ ಅಂತ ಹೇಳಕ್ಕ," ಅಂದಳು ತಂಗಿ.

ಸ್ವಲ್ಪ ಅಂತೆ, ಅಂಥದ್ದೇನಿಲ್ಲವಂತೆ ಅಂತ ಅಕ್ಕ ಆ ಭಾಷೆಯಲ್ಲಿ ಹೇಳಿದಳು. ಹೇಳಿದ್ದನ್ನು ಹೇಳಿದ ಹಾಗೆ ಮುಟ್ಟಿಸುವುದು ಅವಳಿಗೆ ಹೆಮ್ಮೆಯ ವಿಷಯ. ಅತ್ತಿಂದಿತ್ತ ಒಂದು ಅಕ್ಷರ ಸೇರಿಸುವವಳಲ್ಲ.

ನರ್ಸು ಒಳಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದಳು. ಕುರ್ಚಿ ಎಳೆದು ಎದುರಿಗೆ ಕೂತಳು. ಬಿಪಿ ಸ್ವಲ್ಪ ಮೇಲಿದೆ, ಗಾಬರಿಪಡುವಷ್ಟಲ್ಲ, ಆದರೂ ಗಮನದಲ್ಲಿರಬೇಕು. ಇಲ್ಲಿ ಒಂದು ಹಾಸಿಗೆ ಖಾಲಿಯಿದೆ, ನಾಳೆಯವರೆಗೆ ಇದ್ದರೆ ಆಗಾಗ ನೋಡುತ್ತಿರಬಹುದು. ಇಲ್ಲ, ಮನೆಯಲ್ಲೇ ನೆಮ್ಮದಿ ಅನ್ನಿಸಿದರೆ ಹೋಗಿ ನಾಳೆ ಬೆಳಿಗ್ಗೆ ಬರಬಹುದು. ನಿಮಗೆ ಯಾವುದು ಇಷ್ಟ?

ನಮ್ಮ ಕಡೆಯಾಗಿದ್ದರೆ ಡಾಕ್ಟರು, ಏನಮ್ಮ, ಬುದ್ಧಿ ಇದೆಯಾ, ಮಲಕ್ಕೋ ಇಲ್ಲಿ ಅಂತ ಗದರಿಸಿರುತ್ತಿದ್ದರು. ನಾವೂ ಬೈಸಿಕೊಂಡು ಮಲಗಿರುತ್ತಿದ್ದೆವು. ಇಲ್ಲಿ ಹಾಗಲ್ಲ, ಇಲ್ಲಿ ಮರ್ಯಾದೆ. ನಿಮ್ಮ ಮೈ ನಿಮ್ಮದು, ನೀವೇ ಹೇಳಿ ಅನ್ನುವ ಮರ್ಯಾದೆ.

ಅಕ್ಕ ತಂಗಿಗೆ ಹೇಳಿದಳು, "ನಾಳೆವರೆಗೆ ಇಲ್ಲೇ ಇರ್ತೀಯಾ ಅಂತ ಕೇಳ್ತಿದ್ದಾರೆ. ಬಿಪಿ ಸ್ವಲ್ಪ ಜಾಸ್ತಿ ಇದೆಯಂತೆ. ಇರ್ತೀಯಾ?"

ಹಾಗೆ ಹೇಳುವಾಗ ಅವಳ ಕಣ್ಣು ಗೋಡೆಯ ಗಡಿಯಾರದ ಕಡೆ ಹೋಯಿತು. ಹನ್ನೊಂದು ಮುಕ್ಕಾಲು. ಬರೀ ಒಂದು ಗಳಿಗೆ. ಆದರೆ ತಂಗಿ ಆ ಕಣ್ಣನ್ನು ಚಿಕ್ಕಂದಿನಿಂದ ನೋಡಿದವಳು.

"ಬೇಡಕ್ಕ. ನಿಂಗೆ ಡ್ಯೂಟಿ ಇದೆಯಲ್ಲ. ಮನೆಗೇ ಹೋಗೋಣ ಬಿಡು," ಅಂದಳು. ಅಂದು ತಲೆತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

ಆ ಬೇಡ ಎಂಥದ್ದು ಅಂತ ಅಕ್ಕನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ ಮೊದಲ ಬೇಡಕ್ಕೆ ಅರ್ಥವೇ ಇಲ್ಲ, ಅದು ಬರೀ ಮರ್ಯಾದೆ. ಎರಡನೆಯದು ಬಂದಾಗ ಕೇಳುವವರ ಮನಸ್ಸು ಎಷ್ಟು ಗಟ್ಟಿ ಅಂತ ನೋಡುತ್ತೇವೆ. ಮೂರನೆಯ ಸಲ ಕೇಳಿದರೆ ತಾನೇ ಬಾಯಿಂದ ನಿಜ ಹೊರಡುವುದು? ತಂಗಿ ತಲೆತಗ್ಗಿಸಿ ಕಾಯುತ್ತಿದ್ದಳು. ಆದರೆ ಅಕ್ಕನಿಗೆ ಅಭ್ಯಾಸ ತಪ್ಪಿಹೋಗಿತ್ತು. ಕೇಳಿದ್ದಾಯಿತು, ಉತ್ತರ ಬಂದದ್ದಾಯಿತು. ಒಂದು ಗಂಟೆಯ ಪಾಳಿ ಬೇರೆ ತಲೆಯಲ್ಲಿತ್ತು. ಬೇಡವಂತೆ ಅಂತ ನರ್ಸಿಗೆ ಹೇಳಿಯೇಬಿಟ್ಟಳು.

ನರ್ಸು ಕಾಗದದಲ್ಲಿ ಒಂದು ಗುರುತು ಹಾಕಿದಳು. ಒಂದು ಮಡಚಿದ ಹಾಳೆ ಕೊಟ್ಟು, ಇದರಲ್ಲಿ ಬರೆದಿರುವ ಯಾವುದಾದರೂ ಲಕ್ಷಣ ಕಂಡರೆ ತಕ್ಷಣ ಈ ನಂಬರಿಗೆ ಫೋನು ಮಾಡಿ ಅಂದಳು. ಇಬ್ಬರ ಕೈಯನ್ನೂ ಕುಲುಕಿ ಬೀಳ್ಕೊಟ್ಟಳು.

ಬಸ್ಸಿನಲ್ಲಿ ತಂಗಿ ಹಣೆಯನ್ನು ಕಿಟಕಿಯ ಗಾಜಿಗೆ ಒತ್ತಿಕೊಂಡು ಕೂತಳು. ಗಾಜು ತಣ್ಣಗಿದೆ, ಹಿತವಾಗಿದೆ ಅಂದಳು. ಅಕ್ಕ ಹಾಳೆ ಬಿಚ್ಚಿ ಓದಿದಳು. ಮೇಲುಹೊಟ್ಟೆ ನೋವು, ಬಿಡದ ತಲೆನೋವು, ಕಣ್ಣ ಮುಂದೆ ಚುಕ್ಕೆ. ಮೂರನೆಯದನ್ನು ಓದಿದವಳೇ ತಂಗಿಯ ಕಡೆ ತಿರುಗಿದಳು. "ಆ ಹುಳ ಇನ್ನೂ ಕಾಣ್ತಿದೆಯೇನೇ?" ಅಂದಳು. "ಇಲ್ಲಕ್ಕ," ಅಂದಳು ತಂಗಿ, ಕಣ್ಣುಮುಚ್ಚಿಕೊಂಡೇ. ಆಸ್ಪತ್ರೆಯ ಕಡೆಗೆ ಹೋಗುವ ಬಸ್ಸು ಎದುರಿನಿಂದ ಬಂದು ಪಕ್ಕದಲ್ಲೇ ದಾಟಿಹೋಯಿತು.

ಮನೆ ತಲುಪಿ, ಹಾಸಿಗೆ ಸರಿಮಾಡಿ, ನೀರಿಟ್ಟು, ಫೋನನ್ನು ದಿಂಬಿನ ಪಕ್ಕ ಇಟ್ಟು ಅಕ್ಕ ಬಾಗಿಲ ಹತ್ತಿರ ನಿಂತಳು. ಯಾಕೋ ಕಾಲು ಮುಂದೆ ಬರಲಿಲ್ಲ.

"ನಾನು ಇವತ್ತು ಇರ್ಲಾ?"

"ಬೇಡ ಹೋಗು. ಆ ನಿನ್ನ ಜೋಡಿ ಪಾಪ ಒಬ್ಬಳೇ ಏನ್ಮಾಡ್ತಾಳೆ?"

"ಸರಿ ಹಾಗಾದ್ರೆ. ಏನಾದ್ರೂ ಆದ್ರೆ ಫೋನ್ ಮಾಡು."

ಹಾಳೆ ಮೇಜಿನ ಮೇಲೆ ಇತ್ತು. ತಂಗಿಗೆ ಓದಲು ಬಾರದ ಅಕ್ಷರ. ಅದು ಅಕ್ಕನಿಗೆ ಹೊಳೆದದ್ದು ಎರಡನೇ ಸ್ಟಾಪ್ ದಾಟಿದ ಮೇಲೆ. ಫೋನು ಮಾಡಿ, ಓದಿ ನೆನಪಿದ್ದದ್ದನ್ನು ಕನ್ನಡದಲ್ಲಿ ಹೇಳೋಣ ಅಂದುಕೊಂಡಳು. ಮಲಗಿರುತ್ತಾಳೆ, ಎಬ್ಬಿಸುವುದು ಯಾಕೆ ಅಂದುಕೊಂಡು ಬಿಟ್ಟಳು.

ಲಾಂಡ್ರಿಯಲ್ಲಿ ಫೋನನ್ನು ಒಳಗೆ ಒಯ್ಯುವಂತಿಲ್ಲ. ಕಪಾಟಿನಲ್ಲಿಟ್ಟು ಬೀಗ ಹಾಕಬೇಕು, ನಾಲ್ಕು ಗಂಟೆಯ ಬಿಡುವಿನಲ್ಲಿ ತೆಗೆಯಬಹುದು. ಎಷ್ಟೋ ಜನ ಏಪ್ರನ್ ಜೇಬಿನಲ್ಲಿ ಕದ್ದು ಇಟ್ಟುಕೊಳ್ಳುತ್ತಿದ್ದರು. ರೂಲ್ಸಕ್ಕ ಅಂಥದ್ದಕ್ಕೆ ಕೈಹಾಕಿದವಳಲ್ಲ. ಆವತ್ತೂ ಬೀಗ ಹಾಕಿ ಬಂದಳು.

ಶೀಟಿನ ಮೇಲೆ ಶೀಟು. ಅವಳ ಕಡೆಯ ಮೂಲೆ ಮತ್ತೆ ಮತ್ತೆ ಹಿಂದೆ ಬೀಳುತ್ತಿತ್ತು. ಮೂರು ಶೀಟು ಸೊಟ್ಟಗೆ ಹೋದವು. "ಏನಾಗಿದೆ ನಿನಗೆ? ಮನೆಗೆ ಹೋಗಬೇಕಾ?" ಅಂದಳು ಜೋಡಿ. ಅಕ್ಕ ತಲೆಯಾಡಿಸಿ ಇಲ್ಲ ಅಂದಳು. ಹನ್ನೊಂದು ವರ್ಷದಲ್ಲಿ ಕಲಿತದ್ದೆಲ್ಲ ಒಂದು ಗಳಿಗೆ ಮರೆತಳು. ಜೋಡಿ ಮತ್ತೆ ಕೇಳಲಿಲ್ಲ. ಅವಳ ತಪ್ಪೇನಿದೆ?

ನಾಲ್ಕು ಗಂಟೆಗೆ ಕಪಾಟು ತೆಗೆದಳು. ತಂಗಿಯಿಂದ ಒಂದು ಕರೆ ಬಂದಿತ್ತು, ಎರಡು ಗಂಟೆ ಹತ್ತು ನಿಮಿಷಕ್ಕೆ. ಒಂದೇ ಒಂದು. ಹತ್ತು ಸಲ ಬಂದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ತಂಗಿ ಒಂದು ಸಲ ಮಾಡಿದ್ದಾಳೆ, ಅಕ್ಕ ಎತ್ತಿಲ್ಲ. ಕೆಲಸದಲ್ಲಿದ್ದಾಳೆ, ತೊಂದರೆ ಯಾಕೆ ಅಂತ ಸುಮ್ಮನಾಗಿದ್ದಾಳೆ. ಅಕ್ಕ ವಾಪಸು ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದಳು. ಏಪ್ರನ್ ಬಿಚ್ಚದೆಯೇ ಬೀದಿಗೆ ಓಡಿದಳು.

ಹಾಳೆಯಲ್ಲಿದ್ದ ನಂಬರು ತಲೆಯಲ್ಲಿ ಉಳಿದಿತ್ತು. ಓಡುತ್ತಲೇ ಮಾಡಿದಳು. ಅತ್ತಲಿನ ದನಿ, ಗಾಡಿ ಕಳಿಸಬೇಕೇ ಅಂತ ಶಾಂತವಾಗಿ ಕೇಳಿತು. "ಬೇಕು! ಬೇಕು! ಈಗಲೇ ಬೇಕು!" ಅಂತ ಅವಳು ಬೀದಿಯಲ್ಲಿ ಕನ್ನಡದಲ್ಲಿ ಕಿರುಚಿಕೊಂಡಳು, ಆಮೇಲೆ ಎಚ್ಚೆತ್ತು ಅವರ ಭಾಷೆಯಲ್ಲಿ ವಿಳಾಸ ಹೇಳಿದಳು. ಬೀದಿಯ ಜನ ತಿರುಗಿ ನೋಡಿ, ನೋಡಬಾರದೆಂದು ಮುಖ ತಿರುಗಿಸಿಕೊಂಡರು.

ಗಾಡಿ ಅವಳಿಗಿಂತ ಮೊದಲೇ ಬಂದು ನಿಂತಿತ್ತು. ಆಸ್ಪತ್ರೆಯವರು ಇಬ್ಬರು ಬಾಗಿಲ ಮುಂದೆ ಕಾಯುತ್ತಿದ್ದರು. ಬಾಗಿಲು ತೆಗೆದರೆ ತಂಗಿ ಬಚ್ಚಲುಮನೆಯ ಹೊಸ್ತಿಲ ಮೇಲೆ ಅಡ್ಡ ಬಿದ್ದಿದ್ದಾಳೆ. ಉಸಿರಿದೆ, ಕಣ್ಣು ಅರ್ಧ ತೆರೆದಿದೆ, ಅಕ್ಕನ ಗುರುತಿಲ್ಲ. ಸೀರೆಯೆಲ್ಲ ರಕ್ತ. ಕೂಸೇ, ನನ್ನ ಕೂಸೇ ಅಂತ ಅಕ್ಕ ಮೇಲೆ ಬಿದ್ದಳು. ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಬೇಕಾಯಿತು.

ತಂಗಿ ಬದುಕಿದಳು. ಕೂಸು ಬದುಕಲಿಲ್ಲ. ಹೊಟ್ಟೆ ಕೊಯ್ದು ತೆಗೆಯುವ ಮೊದಲೇ ಅದರ ಎದೆ ನಿಂತಿತ್ತು. ಹೆಣ್ಣು. ತಂಗಿಯ ಗಂಡ ರೈಲು ಹಿಡಿದು ಬಂದ. ಬಂದವನು ಕಾರಿಡಾರಿನಲ್ಲಿ ಅಕ್ಕನ ಎದುರು ನಿಂತು, "ಬೆಳಿಗ್ಗೆ ತೋರಿಸ್ಕೊಂಡು ಬಂದ್ರಲ್ಲ ಅತ್ತಿಗೆ, ಏನಂದ್ರು?" ಅಂತ ಕೇಳಿದ. ಬೈಯುವ ದನಿಯಲ್ಲಲ್ಲ, ತಿಳಿಯದೆ ಕೇಳುವ ದನಿಯಲ್ಲಿ. ಅವಳು ಕಣ್ಣು ತಗ್ಗಿಸಿ ಅವನ ಕಾಲು ನೋಡಿದಳು. ಹಾಸಿಗೆ ಖಾಲಿಯಿತ್ತು ಅಂತ ಹೇಗೆ ಹೇಳುವುದು? ಅವನು ಸ್ವಲ್ಪ ಹೊತ್ತು ಕಾದು ಬೆಂಚಿನ ಮೇಲೆ ಕುಸಿದು ಕೂತ. ಅವನ ಬೂಟಿನಲ್ಲಿ ಕೆಲಸದ ಮಸಿ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ತಂಗಿಗೆ ಪೂರ್ತಿ ಎಚ್ಚರವಾಯಿತು. ಯಾರೂ ಹೇಳಬೇಕಾಗಲಿಲ್ಲ. ಒಂದು ಸಲ ಹೊಟ್ಟೆ ಮುಟ್ಟಿ ನೋಡಿಕೊಂಡು ಗೋಡೆಯ ಕಡೆ ಹೊರಳಿದಳು. ಗಂಡ ಕೈಹಿಡಿದ, ಅವಳು ಬಿಡಿಸಿಕೊಳ್ಳಲೂ ಇಲ್ಲ, ಹಿಡಿಯಲೂ ಇಲ್ಲ.

ಹತ್ತು ಗಂಟೆಗೆ ಬಾಗಿಲು ಮೆಲ್ಲಗೆ ತೆರೆಯಿತು. ಹಿಂದಿನ ದಿನದ ಅದೇ ನರ್ಸು. ಕಣ್ಣು ಕೆಂಪಾಗಿತ್ತು. ಅವಳೂ ಮನೆಗೆ ಹೋಗಿ ನಿದ್ದೆ ಮಾಡಿರಲಿಲ್ಲವೇನೋ. ಮಂಚದ ಪಕ್ಕ ಮಂಡಿಯೂರಿ ಕೂತು, ಮಗುವನ್ನು ಬಟ್ಟೆ ಸುತ್ತಿ ಇಟ್ಟಿದ್ದೇವೆ, ನೋಡಬೇಕೇ, ಎತ್ತಿಕೊಳ್ಳಬೇಕೇ, ಕೇಳಿ ಅಂತ ಅಕ್ಕನಿಗೆ ಹೇಳಿದಳು.

ಅಕ್ಕ ತಂಗಿಯ ಬೆನ್ನಿಗೆ ಹೇಳಿದಳು. "ಮಗೂನ ನೋಡ್ತೀಯಾ ಅಂತ ಕೇಳ್ತಿದ್ದಾರೆ ಕಣೇ."

"ಬೇಡ."

ಆ ಒಂದು ಮಾತಿನ ಅರ್ಥ ಇಷ್ಟು ವರ್ಷದ ಕೆಲಸದಲ್ಲಿ ನರ್ಸಿಗೂ ತಿಳಿದಿರಬೇಕು. ತಲೆಬಾಗಿಸಿ, ಮೆಲ್ಲಗೆ ಎದ್ದು ಬಾಗಿಲ ಕಡೆ ಹೊರಟಳು. ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು, ಬೇಡವಂತೆ ಅನ್ನುವುದು. ಅವಳು ಹಲ್ಲು ಕಚ್ಚಿ ಅದನ್ನು ನುಂಗಿದಳು. "ನಿಲ್ಲಿ, ಸ್ವಲ್ಪ ನಿಲ್ಲಿ," ಅಂದಳು ನರ್ಸಿಗೆ. ಮಂಚದ ಮೇಲೆ ಕೂತು ತಂಗಿಯ ತಲೆಯ ಮೇಲೆ ಕೈಯಿಟ್ಟಳು.

"ಒಂದೇ ಒಂದ್ಸಲ ನೋಡೇ, ಕೂಸೇ."

"ಬೇಡಕ್ಕ."

"ನಿನ್ನ ಮಗಳು ಕಣೇ. ಆಮೇಲೆ ನೋಡ್ಬೇಕು ಅಂದ್ರೂ ಆಗಲ್ಲ. ನನಗೋಸ್ಕರ ನೋಡು. ನಾನು ಎತ್ಕೊಂಡು ಬರ್ತೀನಿ, ನೀನು ಸುಮ್ನೆ ಹೀಗೆ ತಿರುಗು ಸಾಕು. ನಿನ್ನ ಕಾಲಿಗೆ ಬೀಳ್ತೀನಿ ಕಣೇ, ಬಾ, ಈ ಕಡೆ ತಿರುಗು."

ತಂಗಿಯ ಭುಜ ಅಲುಗಿತು. ಹೊಲಿಗೆಯ ನೋವಿಗೆ ಮುಖ ಹಿಂಡಿಕೊಂಡು ಮೆಲ್ಲಮೆಲ್ಲಗೆ ಈ ಕಡೆ ಹೊರಳಿದಳು. ಹೊರಳಿ ಎರಡೂ ಕೈ ಚಾಚಿದಳು. ನರ್ಸು ಓಡಿಹೋಗಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ಆ ಕೈಗಳಲ್ಲಿ ಇಟ್ಟಳು. ತಲೆತುಂಬ ಕೂದಲು. ಗಂಡ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಬಿಕ್ಕಿದ. ತಂಗಿ ಬಹಳ ಹೊತ್ತು ಆ ಮುಖವನ್ನು ನೋಡಿದಳು, ಬೆರಳಿನಿಂದ ಹುಬ್ಬು ಸವರಿದಳು. ಆಮೇಲೆ ತಲೆಯೆತ್ತಿದಳು.

"ಅಕ್ಕ, ನಿನ್ನೆ ಯಾಕೆ ಒಂದೇ ಸಲ ಕೇಳಿದೆ?"

ಅವರಿಗೆ ಏನಾದರೂ ಬೇಕಂತೆಯಾ, ಏನಂದರು ಅಂತ ನರ್ಸು ಮೆಲ್ಲಗೆ ಕೇಳಿದಳು. ಅಕ್ಕ ಅದನ್ನು ಅವರ ಭಾಷೆಯಲ್ಲಿ ಒಂದಕ್ಷರ ಬಿಡದೆ ಹೇಳಿದಳು.

ನರ್ಸು ಮಂಚದ ಕಂಬಿ ಹಿಡಿದುಕೊಂಡು, ನನ್ನನ್ನು ಕೇಳುತ್ತಿದ್ದಾರಾ ಅಂದಳು.

"ಇಲ್ಲ," ಅಂದಳು ಅಕ್ಕ. "ನನ್ನನ್ನ."